ಬೋಟ್ ಕಡೀಕ ಆರಿಸ್ರಿ, ನೀರು ಮೊದ್ಲ ನೋಡ್ರಿ

ಭಾಗ 1/9

ದೋಸ್ತರ, ಫಾಸ್ಟ್ ಆರ್‌ಸಿ ಕ್ಯಾಟಮರಾನ್ ಬಗ್ಗೆ ನೀವು ಕೇಳೂ ಪ್ರಶ್ನೆ ಯಾವಾಗ್ಲೂ ಒಂದ: "ಯಾವುದು ತಗೋಬೇಕು? ಎಷ್ಟು ಸ್ಪೀಡ್ ಹೋಗ್ತೈತಿ?" ಜೂನಿಯರ್ಸ್ ಇದನ್ನ ಕೇಳ್ತಾರ, ನಮ್ಮ ಬಿಕಾಂ ಕ್ಲಾಸಿನವರೂ ಇದನ್ನ ಕೇಳ್ತಾರ. ಒಬ್ಬೊಬ್ಬರಿಗೆ ಡಿಎಂನಾಗ ಬರೆಯೂ ಬದಲು ಒಂಬತ್ತು ಪೋಸ್ಟಿನ್ಯಾಗ ನನ್ನ ಅಭಿಪ್ರಾಯ ಬರೀತೇನಿ. ಒಪ್ಪದಿದ್ರ ಕಮೆಂಟಿನ್ಯಾಗ ಜಗಳಾಡೋಣ.

ನನ್ನ ಮಾತು ಇಷ್ಟ: ನಾವು ಬೋಟನ್ನ ಉಲ್ಟಾ ಕ್ರಮದಾಗ ಖರೀದಿ ಮಾಡ್ತೀವಿ. ಮೊದ್ಲ ಬಣ್ಣ ನೋಡ್ತೀವಿ, ಆಮ್ಯಾಲ ಡಬ್ಬಿ ಮ್ಯಾಲ ಬರೆದ ಸ್ಪೀಡ್, ಆಮ್ಯಾಲ ಮೋಟಾರ್. ಬ್ಯಾಟರಿ ನೆನಪಾಗೂದು ಆಮ್ಯಾಲ. ಓಡಿಸಾಕ ನೀರು ಎಲ್ಲೈತಿ ಅನ್ನೂದು ಕಟ್ಟಕಡೀಕ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಇರೋರು ಈ ಪಟ್ಟೀನ ತಿರುವಿ ಹಾಕಬೇಕು. ಮೊದ್ಲ ನೀರು. ಎರಡನೇದು ಮುಗುಚಿದ ಬೋಟ್ ವಾಪಸ್ ತರೂ ದಾರಿ. ಮೂರನೇದು ಬ್ಯಾಟರಿ. ನಾಲ್ಕನೇದು ಪ್ರೊಪೆಲ್ಲರ್, ಮೋಟಾರ್, ಸ್ಪೀಡ್ ಕಂಟ್ರೋಲರ್. ಬೋಟಿನ ಒಡಲು ಕಡೀಕ.

ಯಾಕಂದ್ರ ಇಲ್ಲಿ ಹೋಗೂದು ರೊಕ್ಕ ಅಷ್ಟ ಅಲ್ಲ. ಜೀವಾನೂ ಹೋಗಬಹುದು. ಅದನ್ನ ಮುಂದ ಹೇಳ್ತೇನಿ.

ಭಾಗ 2/9: ಕ್ಯಾಟಮರಾನ್ ಅಂದ್ರ ಏನು

ಹೆಸರು ನಮ್ಮ ಪಕ್ಕದ ಭಾಷೇದು. ತಮಿಳಿನ 'ಕಟ್ಟುಮರಂ' ಅನ್ನೂ ಪದ ಇಂಗ್ಲಿಷಿಗೆ ಹೋಗಿ ಕ್ಯಾಟಮರಾನ್ ಆತು. ಕಟ್ಟಿದ ಮರ. ಕನ್ನಡದವರಿಗೆ ಬಿಡಿಸಿ ಹೇಳೂದ ಬ್ಯಾಡ. ಈಗಿನ ಕ್ಯಾಟಮರಾನ್ ಅಂದ್ರ ಎರಡು ಸಣ್ಣ ಒಡಲು, ನಡುವ ಖಾಲಿ ಸುರಂಗ.

ಸ್ಪೀಡಿನ ಗುಟ್ಟು ಆ ಸುರಂಗದಾಗ ಐತಿ. ಬೋಟ್ ಓಡಿದಾಗ ಎದುರಿನ ಗಾಳಿ ಸುರಂಗದೊಳಗ ನುಗ್ಗಿ ಬೋಟನ್ನ ಮ್ಯಾಲ ಎತ್ತುತ್ತದೆ. ನೀರಿಗೆ ತಾಗೂ ಭಾಗ ಕಡಿಮೆ ಆಗ್ತೈತಿ, ಘರ್ಷಣೆ ಕಡಿಮೆ ಆಗ್ತೈತಿ, ಬೋಟ್ ಹಾರಿದಂಗ ಹೋಗ್ತೈತಿ. ಎರಡು ಕಾಲ ಮ್ಯಾಲ ನಿಂತಿದ್ದರಿಂದ ನೇರ ಓಟದಾಗ ಭಾಳ ಸ್ಥಿರ.

ಅದ ಗಾಳಿ ಶತ್ರೂನೂ ಹೌದು. ಗಾಳಿ ಎತ್ತುವ ಬಲ ವೇಗದ ವರ್ಗದಂತೆ ಹೆಚ್ಚುತ್ತದೆ. ಗಂಟೆಗೆ 40 ಕಿ.ಮೀ. ಇದ್ದದ್ದು 60 ಆದ್ರ ವೇಗ ಒಂದೂವರೆ ಪಟ್ಟು, ಎತ್ತುವ ಬಲ 2.25 ಪಟ್ಟು. ಮೂತಿ ಸ್ವಲ್ಪ ಮ್ಯಾಲ ಎದ್ದು, ಎದುರು ಗಾಳಿ ಒಂದು ಸಲ ಬೀಸಿತಂದ್ರ ಬೋಟ್ ಹಿಂದಕ್ಕ ಪಲ್ಟಿ. ನಮ್ಮ ಬಯಲು ಸೀಮ್ಯಾಗ ಗಿಡ ಕಡಿಮೆ, ಆಷಾಢದ ಗಾಳಿ ಹೆಂಗ ಬೀಸ್ತೈತಿ ಅಂತ ನಿಮಗ ಗೊತ್ತು. ಕ್ಯಾಟಮರಾನ್ ಓಡಿಸಾಕ ಮುಂಜಾನೆ ಗಾಳಿ ಏಳೂದಕ್ಕಿಂತ ಮೊದ್ಲ ಹೋಗೂದು ಚಲೋ.

ಇನ್ನೊಂದು. ಒಂಟಿ ಒಡಲಿನ ಮೋನೋ ಬೋಟ್‌ಗಳೊಳಗ ಕೆಲವು ಮುಗುಚಿದ್ರೂ ತಾವ ಹೊರಳಿ ನಿಲ್ಲೂ ಹಂಗ ಮಾಡಿರ್ತಾರ. ಅಗಲ ಕ್ಯಾಟಮರಾನ್ ಮುಗುಚಿತಂದ್ರ ಸಾಮಾನ್ಯವಾಗಿ ಹಂಗ ಬೆನ್ನ ಮ್ಯಾಲ ತೇಲ್ತಿರ್ತೈತಿ. ದಂಡೀಂದ ಎಷ್ಟ ಥ್ರಾಟಲ್ ಒತ್ತಿದ್ರೂ ಬರಂಗಿಲ್ಲ. ಯಾರಾದ್ರೂ ಹೋಗಿ ತರಬೇಕು. "ಯಾರಾದ್ರೂ ಹೋಗಿ" ಅನ್ನೂದ ದೊಡ್ಡ ಪ್ರಶ್ನೆ.

ಭಾಗ 3/9: ನಮ್ಮ ನೀರಿನ ಲೆಕ್ಕ

ಈಗ ನಮ್ಮ ಕಡೆ ನೀರು ಎಲ್ಲೆಲ್ಲಿ ಐತಿ ಅಂತ ಎಣಿಸೋಣ.

ಒಂದು, ಕುಡಿಯೂ ನೀರಿನ ಕೆರಿ. ನವಲಗುಂದ, ಅಣ್ಣಿಗೇರಿ ಕಡೆ ಎಷ್ಟೋ ಊರಿಗೆ ಮಲಪ್ರಭಾ ಕಾಲುವೆ ನೀರು ತುಂಬಿಸಿಕೊಂಡ ಕೆರೀನ ಆಧಾರ. 1980ರ ಜುಲೈ 21ರಂದು ನವಲಗುಂದ–ನರಗುಂದದಾಗ ರೈತರ ಬಂಡಾಯ ಆದದ್ದು ಮಲಪ್ರಭಾ ನೀರಾವರಿ ಕರದ ಸಲುವಾಗಿ. ಕಳಸಾ–ಬಂಡೂರಿಗೆ ನಮ್ಮ ಮಂದಿ ವರ್ಷಗಟ್ಟಲೆ ಧರಣಿ ಕುಂತಾರ. ಅಂಥಾ ಊರಾಗ ಕುಡಿಯೂ ನೀರಿನ್ಯಾಗ ಶಾಫ್ಟಿನ ಗ್ರೀಸ್ ಬಿಡೂದು, ಲಿಥಿಯಂ ಬ್ಯಾಟರಿ ಮುಳುಗಿಸೂದು ಆಟ ಅಲ್ಲ. ಇದರಾಗ ಚರ್ಚೆ ಇಲ್ಲ, ಬ್ಯಾಡ ಅಂದ್ರ ಬ್ಯಾಡ.

ಎರಡು, ಕಾಲುವೆ. ನೀರು ಹರೀತಿರ್ತೈತಿ, ದಂಡಿ ಕಾಂಕ್ರೀಟ್, ಜಾರ್ತೈತಿ. ಬೋಟ್ ನಿಂತ್ರ ನೀರು ಅದನ್ನ ಎಳಕೊಂಡು ಹೋಗ್ತೈತಿ, ಹಿಡಿಯಾಕ ಇಳಿದವನನ್ನೂ ಎಳೀತೈತಿ. ಬ್ಯಾಡ.

ಮೂರು, ಬೆಣ್ಣಿಹಳ್ಳ. ಬ್ಯಾಸಿಗ್ಯಾಗ ನೀರ ಇರಂಗಿಲ್ಲ, ಮಳಿಗಾಲದಾಗ ಯಾವಾಗ ಏರ್ತೈತಿ ಹೇಳಾಕ ಬರಂಗಿಲ್ಲ. ಮ್ಯಾಲಿನ ಕಡೆ ಮಳಿ ಆಗಿ ಇಲ್ಲಿ ಬಿಸಲು ಇದ್ರೂ ಹಳ್ಳ ಬರ್ತೈತಿ. ಬ್ಯಾಡ.

ನಾಲ್ಕು, ಕೃಷಿ ಹೊಂಡ. ಎಲ್ಲರ ಕಣ್ಣು ಇದರ ಮ್ಯಾಲ. 2014–15ರಿಂದ ಕೃಷಿ ಭಾಗ್ಯ ಯೋಜನೇಲಿಂದ ಹೊಲಹೊಲದಾಗ ಹೊಂಡ ಆದವು. ದೊಡ್ಡ ಹೊಂಡ ಅಂದ್ರ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ಲೆಕ್ಕ ಹಾಕ್ರಿ: ಗಂಟೆಗೆ 60 ಕಿ.ಮೀ. ಅಂದ್ರ ಸೆಕೆಂಡಿಗೆ 16.7 ಮೀಟರ್. 21 ಮೀಟರ್ ದಾಟಾಕ 1.3 ಸೆಕೆಂಡ್. ನೀವು "ಆಹಾ" ಅನ್ನೂದರೊಳಗ ಬೋಟ್ ಆಚೆ ದಂಡಿಗೆ ಬಡಿದಿರ್ತೈತಿ. ಕ್ಯಾಟಮರಾನ್ ತಿರುಗಾಕ ಜಾಗ ಜಾಸ್ತಿ ಬೇಕು, ಹೊಂಡದಾಗ ಅದು ಫುಲ್ ಥ್ರಾಟಲ್ ನೋಡೂದ ಇಲ್ಲ. ಹರಿತ ಪ್ರೊಪೆಲ್ಲರ್ ಪ್ಲಾಸ್ಟಿಕ್ ಹಾಸಿಗೆ ತಾಗಿದ್ರ ಹಾಸು ಹರೀತೈತಿ, ಒಬ್ಬ ರೈತನ ಹಿಂಗಾರಿ ಬೆಳೀಗೆ ಇಟ್ಟ ನೀರು ಮಣ್ಣಿಗೆ ಹೋಗ್ತೈತಿ.

ಭಾಗ 4/9: ಮುಗುಚಿದ ಮ್ಯಾಲ

ಕೃಷಿ ಹೊಂಡದ ಪ್ಲಾಸ್ಟಿಕ್ ಹಾಸು ನೀರು ಬಿದ್ರ ಎಣ್ಣಿ ಹಚ್ಚಿದಂಗ. ಇಳಿಯೂದು ಸಸಾರ, ಹತ್ತೂದು ಆಗಂಗಿಲ್ಲ. ಹಿಡಿಯಾಕ ಏನೂ ಸಿಗಂಗಿಲ್ಲ, ಈಸು ಬರೋರೂ ಸೋತು ಹೋಗ್ತಾರ. ಒಬ್ಬನ್ನ ಉಳಿಸಾಕ ಇನ್ನೊಬ್ಬ ಇಳಿದು ಇಬ್ಬರೂ ಹೋದ ಸುದ್ದಿ ನಾವು ಪೇಪರಿನ್ಯಾಗ ಮತ್ತ ಮತ್ತ ಓದ್ತೀವಿ. ಹೊಂಡದ ಸುತ್ತ ತಂತಿ ಬೇಲಿ ಹಾಕೂದು ಅದಕ್ಕ. ಬೇಲಿ ಜಿಗಿದು ಬೋಟ್ ಬಿಡೂದು ಯಾವ ರೀಲಿಗೂ ಬೆಲೆ ಬಾಳಂಗಿಲ್ಲ.

ಆದ್ದರಿಂದ ನನ್ನ ಕಡೆ ಒಂದು ಕಟ್ಟುನಿಟ್ಟು ನಿಯಮ ಐತಿ: ಬೋಟ್ ತರಾಕ ಮನುಷ್ಯ ನೀರಿಗೆ ಇಳಿಯಂಗಿಲ್ಲ. ಯಾರೂ, ಎಂದೂ. ಅದಕ್ಕ ಬೋಟ್ ತಗೊಳ್ಳೂ ಮೊದಲ ಇವು ತಗೋರಿ:

• ಮೀನಿನ ಗಾಳದ ರಾಡು, ಗಟ್ಟಿ ದಾರ, ತುದೀಗೆ ಟೆನ್ನಿಸ್ ಬಾಲ್. ಬೋಟಿನ ಆಚೆ ಬಾಲ್ ಎಸೆದು ದಾರ ಬೋಟಿನ ಮ್ಯಾಲ ಬೀಳೂ ಹಂಗ ಎಳೀಬೇಕು.
• ದೂರ ನಿಂತ್ರ ಒಂದು ಸಣ್ಣ, ನಿಧಾನದ ಆರ್‌ಸಿ ಬೋಟ್. ಅದು ದಾರ ಎಳಕೊಂಡು ಹೋಗಿ ಸುತ್ತಿ ಬರ್ತೈತಿ.
• ಬೋಟಿನೊಳಗ ಮೂಲಿ ಮೂಲ್ಯಾಗ ಥರ್ಮಾಕೋಲ್ ಇಲ್ಲಾ ಫೋಮ್. ಒಳಗ ನೀರು ತುಂಬಿದ್ರೂ ಬೋಟ್ ಮುಳುಗಬಾರದು. ಮುಚ್ಚಳದ ಸುತ್ತ ನೀರು ಹೋಗದ ಟೇಪ್.
• ರಿಮೋಟಿನ್ಯಾಗ ಫೇಲ್‌ಸೇಫ್. ಸಿಗ್ನಲ್ ಕಟ್ ಆದ ಕೂಡಲೆ ಥ್ರಾಟಲ್ ಸೊನ್ನೀಗೆ ಬರಬೇಕು. ನೀರಿಗೆ ಬಿಡೂ ಮೊದ್ಲ ದಂಡಿ ಮ್ಯಾಲ ಬೋಟ್ ಗಟ್ಟಿಯಾಗಿ ಹಿಡಿದು, ಪ್ರೊಪೆಲ್ಲರ್ ಹತ್ರ ಯಾರ ಕೈಯೂ ಇರದಂಗ, ರಿಮೋಟ್ ಬಂದ್ ಮಾಡಿ ಪರೀಕ್ಷೆ ಮಾಡ್ರಿ.

ಎಮ್ಮಿ ಮೈ ತೊಳಿಯೂ ಕಡೆ, ಹುಡುಗೂರು ಈಸೂ ಕಡೆ, ಅರವಿ ಒಗಿಯೂ ಕಡೆ ಬೋಟ್ ಬಿಡಬಾರದು. ನಿಮಿಷಕ್ಕ 25 ಸಾವಿರ ಸುತ್ತು ತಿರುಗೂ ಲೋಹದ ಪ್ರೊಪೆಲ್ಲರ್ ಚಾಕು ಇದ್ದಂಗ.

ಹಂಗಾರ ಓಡಿಸೂದು ಎಲ್ಲಿ? 60ರ ಸ್ಪೀಡಿಗೆ 100 ಮೀಟರ್ ಅಂದ್ರ ಬರೇ 6 ಸೆಕೆಂಡ್. ತಿರುಗಾಕ ಜಾಗ ಸೇರಿ ಅದಕ್ಕಿಂತ ದೊಡ್ಡ, ನಿಂತ ನೀರು ಬೇಕು. ಕಲಘಟಗಿ ಕಡೆ ಮಲೆನಾಡಿನ ಸೆರಗು, ಅಲ್ಲಿ ಕೆರಿ ಜಾಸ್ತಿ. ಕುಡಿಯಾಕ ಬಳಸದ ಕೆರಿ ಆರಿಸಿ, ಪಂಚಾಯಿತಿಯವರನ್ನ ಕೇಳ್ರಿ. ಮೀನಿನ ಗುತ್ತಿಗಿ ಹಿಡಿದೋರನ್ನೂ ಕೇಳ್ರಿ, ಯಾಕಂದ್ರ ನೀರೊಳಗ ಬಲಿ ಹಾಕಿರ್ತಾರ. ಬಲಿ ಹರಿದ್ರ ಅವರ ದುಡಿಮಿ ಹೋಗ್ತೈತಿ, ನಿಮ್ಮ ಶಾಫ್ಟೂ ಹೋಗ್ತೈತಿ. ಹುಬ್ಬಳ್ಳಿ ಉಣಕಲ್ ಕೆರಿ ದೊಡ್ಡದು, ಆದ್ರ ಅಲ್ಲಿ ಮಂದಿ ಕೂರೂ ದೋಣಿನೂ ಇರ್ತಾವ, ಅಂತರಗಂಗಿ ಬಳ್ಳೀನೂ ಬೆಳೀತೈತಿ. ಅಲ್ಲಿ ಅನುಮತಿ ಇಲ್ಲದ ಫಾಸ್ಟ್ ಬೋಟ್ ಬ್ಯಾಡ.

ಭಾಗ 5/9: ಎಷ್ಟು ಎಸ್?

ಈಗ ಪವರ್. ಲೈಪೋ ಬ್ಯಾಟರಿಯ ಒಂದು ಸೆಲ್ ಅಂದ್ರ 3.7 ವೋಲ್ಟ್. 2 ಎಸ್ ಅಂದ್ರ 7.4, 3 ಎಸ್ 11.1, 4 ಎಸ್ 14.8, 6 ಎಸ್ 22.2 ವೋಲ್ಟ್.

ಒಂದು 70 ಸೆಂ.ಮೀ. ಆಸುಪಾಸಿನ ಕ್ಯಾಟಮರಾನ್ ಓಡಿಸಾಕ 900 ವ್ಯಾಟ್ ಬೇಕು ಅಂತ ಹಿಡೀರಿ. ವ್ಯಾಟ್ ಅಂದ್ರ ವೋಲ್ಟ್ ಗುಣಿಸು ಆಂಪಿಯರ್.

2 ಎಸ್: ಸುಮಾರು 122 ಆಂಪಿಯರ್
3 ಎಸ್: 81 ಆಂಪಿಯರ್
4 ಎಸ್: 61 ಆಂಪಿಯರ್
6 ಎಸ್: 40.5 ಆಂಪಿಯರ್

ವೈರ್, ಕನೆಕ್ಟರ್, ಕಂಟ್ರೋಲರಿನ್ಯಾಗ ಹುಟ್ಟುವ ಬಿಸಿ ಆಂಪಿಯರಿನ ವರ್ಗದಂತೆ ಹೆಚ್ಚುತ್ತದೆ. 2 ಎಸ್‌ನಿಂದ 4 ಎಸ್‌ಗೆ ಹೋದ್ರ ಆಂಪಿಯರ್ ಅರ್ಧ, ಅದ ವೈರಿನ ಬಿಸಿ ನಾಲ್ಕರಲ್ಲಿ ಒಂದು ಪಾಲು. ಬಿಸಿಲೂರಿನವರಿಗೆ ಇದು ಸಣ್ಣ ಮಾತಲ್ಲ.

"ಹಂಗಾರ 6 ಎಸ್ ಇನ್ನೂ ಚಲೋ ಅಲ್ಲ?" ಅಂತ ಕೇಳ್ತೀರಿ. ಪುಸ್ತಕದ ಪ್ರಕಾರ ಹೌದು. ಆದ್ರ 6 ಎಸ್ ತಗೊಂಡವ 900 ವ್ಯಾಟಿಗೆ ನಿಲ್ಲಂಗಿಲ್ಲ. ವೋಲ್ಟ್ ಏರಿಸಿದ್ದ ಸ್ಪೀಡ್ ಏರಿಸಾಕ. ಟ್ರಾಕ್ಸಾಸ್ ಕಂಪನಿಯ ಎಂ41 ಅನ್ನೂ ಕ್ಯಾಟಮರಾನ್ ಎರಡು 3 ಎಸ್ ಬ್ಯಾಟರಿ ಸಾಲಾಗಿ ಜೋಡಿಸಿ 6 ಎಸ್ ಮ್ಯಾಲ ಓಡ್ತೈತಿ, ಕಂಪನಿ ಹೇಳೂದು ಗಂಟೆಗೆ 50 ಮೈಲಿಗಿಂತ ಜಾಸ್ತಿ. ಅಂದ್ರ 80 ಕಿ.ಮೀ. ದಾಟಿ. ಸೆಕೆಂಡಿಗೆ 22 ಮೀಟರ್. ಅದಕ್ಕ ಹೊಂದೂ ನೀರು ನಮ್ಮ ತಾಲೂಕಿನ್ಯಾಗ ಎಲ್ಲಿ ಐತಿ ತೋರಿಸ್ರಿ.

ಅಮೆರಿಕದ ನಾಂಬಾ ಅನ್ನೂ ಮಾಡೆಲ್ ಬೋಟ್ ಸಂಘದ ರೇಸಿನ್ಯಾಗ 4 ಎಸ್‌ಗೆ 'ಪಿ' ವರ್ಗ, 6 ಎಸ್‌ಗೆ 'ಕ್ಯೂ' ವರ್ಗ ಅಂತ ಬ್ಯಾರೆ ಬ್ಯಾರೆ ಇಟ್ಟಾರ. ರೇಸ್ ಮಾಡೋರ ಸೆಲ್ ಲೆಕ್ಕದ ಮ್ಯಾಲ ಪಂಗಡ ಮಾಡ್ಯಾರ ಅಂದ್ರ, ಪವರಿನ ಬೇರು ಎಲ್ಲೈತಿ ಅನ್ನೂದು ಅದರಾಗ ತಿಳೀತೈತಿ.

ನನ್ನ ತೀರ್ಪು: ನಮ್ಮ ನೀರಿಗೆ, ನಮ್ಮ ರೊಕ್ಕಕ್ಕ 4 ಎಸ್, ಒಂದ ಮೋಟಾರ್. ಎರಡು ಮೋಟಾರಿನ ಕ್ಯಾಟಮರಾನ್ ನೋಡಾಕ ಗತ್ತು, ಆದ್ರ ಮೋಟಾರ್, ಕಂಟ್ರೋಲರ್, ಶಾಫ್ಟ್, ಪ್ರೊಪೆಲ್ಲರ್ ಎಲ್ಲಾ ಎರಡೆರಡು. ಖರ್ಚೂ ಎರಡು.

ಭಾಗ 6/9: ಕೆವಿ ಮತ್ತ ಪ್ರೊಪೆಲ್ಲರ್

ಮೋಟಾರಿನ ಮ್ಯಾಲ 'ಕೆವಿ' ಅಂತ ನಂಬರ್ ಇರ್ತೈತಿ. ಕಿಲೋವೋಲ್ಟ್ ಅಲ್ಲ. ಒಂದು ವೋಲ್ಟಿಗೆ, ಭಾರ ಇಲ್ಲದಾಗ, ನಿಮಿಷಕ್ಕ ಎಷ್ಟು ಸುತ್ತು ಅನ್ನೂದು. 4 ಎಸ್‌ಗೆ 2000 ಕೆವಿ ಮೋಟಾರ್ ಹಾಕಿದ್ರ 14.8 × 2000 = 29,600 ಸುತ್ತು. ಈ ಅಳತೀ ಬೋಟಿಗೆ 30 ಸಾವಿರದ ಆಸುಪಾಸು ಚಲೋ. ಅದ ಮೋಟಾರನ್ನ 6 ಎಸ್‌ಗೆ ಕಟ್ಟಿದ್ರ 44,400. ಪ್ರೊಪೆಲ್ಲರ್ ಬದಲು ಮಾಡದ ಹಂಗ ಕಟ್ಟಿದ್ರ ಹೊಗಿ ಗ್ಯಾರಂಟಿ.

ಸ್ಪೀಡ್ ಲೆಕ್ಕ ನೀವ ಮಾಡಬಹುದು. ಪ್ರೊಪೆಲ್ಲರ್ ವ್ಯಾಸ 40 ಮಿ.ಮೀ., ಪಿಚ್ ಅನುಪಾತ 1.4 ಅಂದ್ರ ಒಂದು ಸುತ್ತಿಗೆ 56 ಮಿ.ಮೀ. ಮುಂದ ಹೋಗಬೇಕು. ನಿಮಿಷಕ್ಕ 30,000 ಸುತ್ತು ಅಂದ್ರ 1,680 ಮೀಟರ್, ಗಂಟೆಗೆ ಸುಮಾರು 100 ಕಿ.ಮೀ. ಕಾಗದದ ಮ್ಯಾಲ! ಭಾರ ಬಿದ್ದಾಗ ಸುತ್ತು ಶೇ. 80ಕ್ಕ ಇಳೀತು, ನೀರಿನ್ಯಾಗ ಜಾರಿಕಿ ಶೇ. 15 ಹೋತು ಅಂತ ಹಿಡಿದ್ರ ಉಳಿಯೂದು 68 ಕಿ.ಮೀ. ಯಾವ ಜಾಹೀರಾತು ನೋಡಿದ್ರೂ ಈ ಕಡಿತ ಮಾಡಿ ಓದ್ರಿ. ಅಕೌಂಟ್ಸಿನ್ಯಾಗ ಗ್ರಾಸ್ ಪ್ರಾಫಿಟ್, ನೆಟ್ ಪ್ರಾಫಿಟ್ ಬ್ಯಾರೆ ಇದ್ದಂಗ.

ಇನ್ನ ದೊಡ್ಡ ಬಲಿ. "ಪ್ರೊಪೆಲ್ಲರ್ ಸ್ವಲ್ಪ ದೊಡ್ಡದು ಹಾಕಿದ್ರ?" ಅದ ಆಕಾರದ ಪ್ರೊಪೆಲ್ಲರ್ ಅಷ್ಟ ಸುತ್ತಿಗೆ ತಿರುಗಿಸಾಕ ಬೇಕಾದ ಶಕ್ತಿ ವ್ಯಾಸದ ಐದನೇ ಘಾತದಂತೆ ಏರುತ್ತದೆ. 38 ಮಿ.ಮೀ.ದಿಂದ 42ಕ್ಕ ಹೋದ್ರ ಬರೇ 4 ಮಿ.ಮೀ., ಆದ್ರ ಶಕ್ತಿ ಸುಮಾರು ಶೇ. 65 ಜಾಸ್ತಿ ಬೇಕು. ಅದಕ್ಕ ಸಣ್ಣ ಪ್ರೊಪೆಲ್ಲರಿನಿಂದ ಶುರು ಮಾಡ್ರಿ. 30 ಸೆಕೆಂಡ್ ಓಡಿಸಿ, ವಾಪಸ್ ತಂದು, ಬ್ಯಾಟರಿ ಬಿಚ್ಚಿ, ಮೋಟಾರ್ ಮುಟ್ಟಿ ನೋಡ್ರಿ. 5 ಸೆಕೆಂಡ್ ಬೆರಳು ಇಡಾಕ ಆಗದಿದ್ರ ಬಿಸಿ ಜಾಸ್ತಿ, ಪ್ರೊಪೆಲ್ಲರ್ ಇಳಿಸ್ರಿ.

ಭಾಗ 7/9: ಉಳಿದ ಸಾಮಾನು

ಕಂಟ್ರೋಲರ್ ಬೋಟಿಂದ ಇರಲಿ, ಒಳಗ ನೀರು ಹರಿದು ತಂಪಾಗೂದು. ಓಟದಾಗ 61 ಆಂಪಿಯರ್ ಅಂತ ಲೆಕ್ಕ ಬಂದ್ರ 120 ಆಂಪಿಯರಿಂದ ತಗೋರಿ, ಯಾಕಂದ್ರ ಹೊರಡೂವಾಗ ಎಳೆತ ಭಾಳ ಜಾಸ್ತಿ. ಮೋಟಾರ್ 36 ಮಿ.ಮೀ. ದಪ್ಪ, 60 ಮಿ.ಮೀ. ಉದ್ದದ ಬ್ರಶ್‌ಲೆಸ್ ಸಾಕು.

ನೀರು ಒಳಗ ತಗೊಳ್ಳೂ ತೂತು ಸಣ್ಣದು. ನಮ್ಮ ಎರಿ ಮಣ್ಣಿನ ರಾಡಿ ಅದನ್ನ ಮುಚ್ಚಿಬಿಡ್ತೈತಿ. ಬೋಟ್ ಓಡೂವಾಗ ಪಕ್ಕದ ತೂತಿನಿಂದ ನೀರಿನ ಧಾರೆ ಚಿಮ್ಮತೈತೋ ಇಲ್ಲೋ ನೋಡ್ತಿರಿ. ಧಾರೆ ನಿಂತ್ರ ಥ್ರಾಟಲ್ ಬಿಡ್ರಿ. ಫ್ಲೆಕ್ಸ್ ಶಾಫ್ಟಿಗೆ ಪ್ರತಿ ಸಲ ಹೋದಾಗ ಹೊಸ ಗ್ರೀಸ್.

ಬ್ಯಾಟರಿ ಎಲ್ಲಿಡ್ತೀರಿ ಅನ್ನೂದು ಮುಖ್ಯ. ಕ್ಯಾಟಮರಾನಿನ ತೂಕದ ನಡುಬಿಂದು ಹಿಂಭಾಗದಿಂದ ಉದ್ದದ ಸುಮಾರು ಶೇ. 30ರ ಆಸುಪಾಸು ಇರಬೇಕು. ಮೂತಿ ಏಳಾಕ ಹತ್ತಿದ್ರ ಬ್ಯಾಟರಿ ಒಂದು ಬೆರಳು ಮುಂದ ಸರಿಸ್ರಿ. ಇದಕ್ಕ ಒಂದು ರೂಪಾಯಿ ಖರ್ಚಿಲ್ಲ, ಆದ್ರ ಪಲ್ಟಿ ತಪ್ಪಸ್ತೈತಿ.

ಈಗ ಬೆಂಕಿ ಮಾತು. ಲೈಪೋ ತುಂಬಿದಾಗ ಸೆಲ್ಲಿಗೆ 4.2 ವೋಲ್ಟ್, ಇಡೂವಾಗ 3.8 ಆಸುಪಾಸು. ಉಬ್ಬಿದ ಬ್ಯಾಟರಿ ಮತ್ತ ಚಾರ್ಜಿಗೆ ಹಾಕಬ್ಯಾಡ್ರಿ. ಬ್ಯಾಲೆನ್ಸ್ ಚಾರ್ಜರ್ ಇಲ್ಲದ ಚಾರ್ಜ್ ಬ್ಯಾಡ. ಚಾರ್ಜ್ ಆಗೂ ತನಕ ಅಲ್ಲೇ ಕುಂದರ್ರಿ, ಸುತ್ತ ಹತ್ತಿಕೊಳ್ಳೂದು ಏನೂ ಇರಬಾರದು. ನಮ್ಮ ಮನ್ಯಾಗ ಇದು ಸುಲಭ ಅಲ್ಲ: ಸುಗ್ಗಿ ಆದ ಮ್ಯಾಲ ರೇಟ್ ಬರ್ಲಿ ಅಂತ ಪಡಸಾಲ್ಯಾಗ ಹತ್ತಿ ಒಟ್ಟಿರ್ತೀವಿ, ಪಕ್ಕದಾಗ ಹೊಟ್ಟು, ಕಣಿಕಿ. ಹತ್ತಿ ಇರೂ ಮನ್ಯಾಗ ಲೈಪೋ ಚಾರ್ಜ್ ಮಾಡಬಾರದು. ಅಂಗಳದಾಗ, ಕಲ್ಲಿನ ಮ್ಯಾಲ, ನೆರಳಾಗ ಮಾಡ್ರಿ. ಅಪ್ಪ ವರ್ಷಿಡೀ ದುಡಿದದ್ದು ಒಂದು ಆಟಿಗಿ ಸಾಮಾನಿಗೆ ಸುಟ್ಟು ಹೋಗಬಾರದು.

ಭಾಗ 8/9: ಬಿಕಾಂ ಮಾತು

ಕಾಸ್ಟಿಂಗ್ ಪೇಪರಿನ್ಯಾಗ ಕಲಿತದ್ದು ಇಲ್ಲಿ ಹಚ್ಚೋಣ. ಬೋಟ್ ಸ್ಥಿರ ವೆಚ್ಚ, ಒಂದ ಸಲ. ನಿಜವಾದ ಖರ್ಚು ಬ್ಯಾಟರಿ, ಯಾಕಂದ್ರ ಅದು ಪ್ರತಿ ಓಟಕ್ಕೂ ಸವೀತೈತಿ.

5000 ಎಂಎಎಚ್ ಬ್ಯಾಟರಿ ಪೂರ್ತಿ ಖಾಲಿ ಮಾಡಬಾರದು, ಶೇ. 80 ಅಷ್ಟ. ಅಂದ್ರ 4 ಆಂಪಿಯರ್-ಗಂಟೆ. ಸರಾಸರಿ 50 ಆಂಪಿಯರ್ ಎಳೆದ್ರ 4.8 ನಿಮಿಷ. ಹೌದು, ಐದು ನಿಮಿಷ ಸಹಿತ ಇಲ್ಲ. ಡಬ್ಬಿ ಮ್ಯಾಲ ಇದನ್ನ ದೊಡ್ಡ ಅಕ್ಷರದಾಗ ಬರೆಯಂಗಿಲ್ಲ.

ಉದಾಹರಣೆಗೆ ಬ್ಯಾಟರಿ ₹6,000, 120 ಸಲ ಚಲೋ ಓಡ್ತು ಅಂತ ಹಿಡೀರಿ. ಒಂದು ಓಟಕ್ಕ ₹50. ನಿಮಿಷಕ್ಕ ₹10ಕ್ಕಿಂತ ಜಾಸ್ತಿ, ಬರೇ ಬ್ಯಾಟರಿ ಸವಕಳಿ. ಉದ್ಯೋಗ ಖಾತ್ರಿ ಕೂಲಿ 2025–26ರಾಗ ನಮ್ಮ ರಾಜ್ಯದಾಗ ದಿನಕ್ಕ ₹370. ಒಬ್ಬರು ಬಿಸಲಾಗ ದಿನಾ ಇಡೀ ಮಣ್ಣು ಹೊತ್ತ ದುಡಿಮಿ ಅಂದ್ರ ಏಳು ಓಟ, ಹತ್ರ ಹತ್ರ 35 ನಿಮಿಷ. ಆಟ ಆಡಬ್ಯಾಡ್ರಿ ಅಂತ ಹೇಳಾಕತ್ತಿಲ್ಲ. ಹಳ್ಳಿ ಹುಡುಗೂರು ಹವ್ಯಾಸ ಇಟ್ಕೋಬಾರದು ಅನ್ನೋರನ್ನ ನಾನೂ ಒಪ್ಪಂಗಿಲ್ಲ. ಬ್ರಶ್‌ಲೆಸ್ ಮೋಟಾರ್, ಬ್ಯಾಟರಿ, ಆಂಪಿಯರ್ ಲೆಕ್ಕ ತಿಳಿದವನಿಗೆ ನಾಳೆ ಎಲೆಕ್ಟ್ರಿಕ್ ಗಾಡಿ ರಿಪೇರಿನೂ ಬೆರಗು ಅನಸಂಗಿಲ್ಲ. ಆದ್ರ ಲೆಕ್ಕ ಗೊತ್ತಿದ್ದು ಆಡೂದು ಬ್ಯಾರೆ, ಗೊತ್ತಿಲ್ಲದ ಆಡೂದು ಬ್ಯಾರೆ.

ಅದಕ್ಕ ನನ್ನ ಸಲಹೆ: ನಾಲ್ಕು ಮಂದಿ ಕೂಡಿ ಒಂದ ಬೋಟ್. ಭಿಶಿ ಹಾಕಿದಂಗ ತಿಂಗಳಾ ರೊಕ್ಕ ಹಾಕ್ರಿ. ಲೆಕ್ಕದ ವಹಿ ಒಬ್ಬರ ಕಡೆ ಇರಲಿ. ₹100 ಇದ್ರ ₹35 ಬ್ಯಾಟರಿ ಮತ್ತ ಚಾರ್ಜರಿಗೆ, ₹10 ಬೋಟ್ ವಾಪಸ್ ತರೂ ಸಾಮಾನಿಗೆ, ₹15 ಮುರಿಯೂದಕ್ಕ ಎತ್ತಿಡ್ರಿ, ಉಳಿದ ₹40ರಾಗ ಬೋಟ್, ಮೋಟಾರ್, ರಿಮೋಟ್ ಸಮೇತ. ₹40ಕ್ಕ ಬರದಿದ್ರ ಅದು ನಮ್ಮ ಬೋಟ್ ಅಲ್ಲ. ಸಣ್ಣದು ನೋಡ್ರಿ, ಇಲ್ಲಾ ಇನ್ನ ಎರಡು ತಿಂಗಳು ತಡೀರಿ. ಫೀಸಿನ ರೊಕ್ಕ, ಸ್ಕಾಲರ್‌ಶಿಪ್ ರೊಕ್ಕ ಮುಟ್ಟಬ್ಯಾಡ್ರಿ.

ಮತ್ತ ಸಂಕ್ ಕಾಸ್ಟ್ ನೆನಪಿಡ್ರಿ. ಬೋಟ್ ನಡು ಕೆರ್ಯಾಗ ಮುಳುಗಿತಂದ್ರ ಆ ರೊಕ್ಕ ಹೋದಂಗ. "ಅಷ್ಟು ಕೊಟ್ಟೇವಿ" ಅಂತ ನೀರಿಗೆ ಇಳಿಯಾಕ ಅದು ಕಾರಣ ಅಲ್ಲ.

ಭಾಗ 9/9: ಒಟ್ಟು ಲೆಕ್ಕ

ಖರೀದಿಗೆ ಹೋಗೂ ಮೊದ್ಲ ಈ ಪ್ರಶ್ನೆಗೆ ಉತ್ತರ ಬರೀರಿ. ಒಂದಕ್ಕಾದ್ರೂ ಉತ್ತರ ಇಲ್ಲಂದ್ರ ಕಾರ್ಟಿಗೆ ಹಾಕಬ್ಯಾಡ್ರಿ.

1. 100 ಮೀಟರಿಗಿಂತ ಉದ್ದದ, ಕುಡಿಯಾಕ ಬಳಸದ, ನಿಂತ ನೀರು ಎಲ್ಲೈತಿ? ಅದರ ಅನುಮತಿ ಯಾರು ಕೊಡ್ತಾರ?
2. ಬೋಟ್ ಮುಗುಚಿದ್ರ ನೀರಿಗೆ ಇಳಿಯದ ಹಂಗ ಹೆಂಗ ತರ್ತೀರಿ?
3. ಚಾರ್ಜ್ ಎಲ್ಲಿ ಮಾಡ್ತೀರಿ?
4. ಐದು ನಿಮಿಷದ ಓಟಕ್ಕ ಎಷ್ಟು ಖರ್ಚು, ಅದನ್ನ ಯಾರು ಕೊಡ್ತಾರ?
5. ವೋಲ್ಟ್, ಕೆವಿ, ಪ್ರೊಪೆಲ್ಲರ್ ಮೂರೂ ಒಂದಕ್ಕೊಂದು ಹೊಂದ್ತಾವೇನು?

ಒಂದನೇ ಪ್ರಶ್ನೆಗೆ ಉತ್ತರ ಇಲ್ಲದೋರಿಗೆ ಬೋಟೇ ಬ್ಯಾಡ ಅಂತ ಅಲ್ಲ. 30–40 ಸೆಂ.ಮೀ.ದ, ನಿಧಾನದ 2 ಎಸ್ ಬೋಟ್ ಸಣ್ಣ ನೀರಿನ್ಯಾಗೂ ಮಜಾ ಕೊಡ್ತೈತಿ, ತಿರುಗಿಸೂದು ಕಲಸ್ತೈತಿ, ಖರ್ಚೂ ಕಡಿಮೆ. ಸಣ್ಣ ನೀರು ಅಂದ ಕೂಡಲೆ ಕೃಷಿ ಹೊಂಡ ಅಂತ ತಿಳೀಬ್ಯಾಡ್ರಿ, ಅದರ ಮಾತು ನಾಲ್ಕನೇ ಭಾಗದಾಗ ಮುಗಿದೈತಿ.

ಐದಕ್ಕೂ ಉತ್ತರ ಐತಿ ಅಂದ್ರ 70 ಸೆಂ.ಮೀ. ಆಸುಪಾಸಿನ ಕ್ಯಾಟಮರಾನ್, 4 ಎಸ್ 5000, 2000 ಕೆವಿ ಆಸುಪಾಸಿನ ಒಂದು ಮೋಟಾರ್, 120 ಆಂಪಿಯರ್ ಕಂಟ್ರೋಲರ್, ಸಣ್ಣ ಪ್ರೊಪೆಲ್ಲರಿನಿಂದ ಶುರು. ಮುಂಜಾನೆ ಹೋಗ್ರಿ, ಒಬ್ಬರ ಹೋಗಬ್ಯಾಡ್ರಿ, ಮನ್ಯಾಗ ಹೇಳಿ ಹೋಗ್ರಿ.

ನಿಮ್ಮ ಊರಿನ ಹತ್ರ ಕುಡಿಯಾಕ ಬಳಸದ ದೊಡ್ಡ ಕೆರಿ ಯಾವುದು, ಅಲ್ಲಿ ಯಾರನ್ನ ಕೇಳಬೇಕು ಅಂತ ಕಮೆಂಟಿನ್ಯಾಗ ಹಾಕ್ರಿ. ಎಲ್ಲಾ ಸೇರಿಸಿ ಒಂದು ಪಟ್ಟಿ ಮಾಡೋಣ. ಯಾವ ಬೋಟ್ ಅನ್ನೂ ಮಾತು ಅದರ ಆಮ್ಯಾಲ. ಬೋಟ್ ತಗೊಳ್ಳಾಕ ಹಟ ಹಿಡಿದ ತಮ್ಮ ಇದ್ರ ಈ ಸರಣಿ ಅವನಿಗೆ ಕಳಸ್ರಿ, ನಾಲ್ಕನೇ ಭಾಗ ಮೊದ್ಲ ಓದಾಕ ಹೇಳ್ರಿ.

#ನವಲಗುಂದ #ಅಣ್ಣಿಗೇರಿ #ಕುಂದಗೋಳ #ಕಲಘಟಗಿ #ಆರ್‌ಸಿಬೋಟ್ #ಕ್ಯಾಟಮರಾನ್ #ಬಿಕಾಂಲೆಕ್ಕ #ನೀರುಮೊದ್ಲ